ನಿಂತ ಬಸ್ಸಿನ ಲೆಕ್ಕ

ಮಿಡಿಗೇಶಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಪಾವಗಡದಿಂದ ಮಧುಗಿರಿಗೆ ಬರುವ ಬೆಳಗಿನ ಬಸ್ಸು. ಒಳಗೆ ಕಾಲಿಡಲು ಜಾಗವಿಲ್ಲ, ಟಾಪಿನ ಮೇಲೆ ಕಡಲೆಕಾಯಿ ಮೂಟೆಗಳು. ನಾನು ಟಿಕೆಟ್ ನೋಡುತ್ತ ಹಿಂದಿನಿಂದ ಮುಂದಕ್ಕೆ ಬರುತ್ತಿದ್ದೆ. ಬಸ್ಸು ಮೆಲ್ಲಗೆ ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಡ್ರೈವರು ಎಂಜಿನ್ ಆರಿಸಿ, ಕೈಬ್ರೇಕ್ ಎಳೆದು, ಎಲ್ಲವನ್ನೂ ಕ್ರಮವಾಗಿ ಮಾಡಿ ಕೆಳಗಿಳಿದರು. ಇಳಿದವರು ಮೈಲಿಗಲ್ಲಿಗೆ ಒರಗಿ ಕೂತುಬಿಟ್ಟರು.

ಓಡಿಹೋಗಿ ಹಣೆ ಮುಟ್ಟಿದೆ. ಕಾದ ಬಾನೆಟ್ಟಿನ ಹಾಗೆ ಸುಡುತ್ತಿತ್ತು.

"ಯಾವಾಗಿಂದ ಅಣ್ಣಾ?"

"ಮೊನ್ನೆಯಿಂದ್ಲೂ ಐತೆ ಸಾಬ್ರೇ. ರಾತ್ರಿ ಪಾವಗಡದಾಗೆ ಮಲಗಿದ್ದಾಗ ಜಾಸ್ತಿ ಆಗೋಯ್ತು."

"ಹೇಳಬಾರದಿತ್ತಾ? ಬೇರೆಯವರನ್ನ ಕಳಿಸ್ತಿದ್ವಲ್ಲ."

"ಯೋಳಿದ್ರೆ ಇವತ್ತಿನ ಬತ್ಯ ಹೋಯ್ತದೆ. ನಾಕು ಸಲ ಯೋಳಿದ್ರೆ ಗಾಡೀನೇ ಕೈಬುಟ್ಟು ಹೋಯ್ತದೆ."

ಪ್ರಯಾಣಿಕರು ಕಿಟಕಿಯಿಂದ ಕೂಗುತ್ತಿದ್ದರು. ಒಬ್ಬರಿಗೆ ಕೋರ್ಟಿನಲ್ಲಿ ಹಾಜರಿ, ಒಬ್ಬರಿಗೆ ಮಗಳ ಮನೆಯಲ್ಲಿ ಸೀಮಂತ. ಆ ಕಡೆ ಹೋಗುತ್ತಿದ್ದ ಲಾರಿಯವನ ಕೈಲಿ ಮಧುಗಿರಿಗೆ ಹೇಳಿ ಕಳಿಸಿದೆ. ಬಿಸಿಲು ನೆತ್ತಿಗೆ ಬಂದ ಮೇಲೆ ಇನ್ನೊಬ್ಬ ಡ್ರೈವರ್ ಬಂದು ಬಸ್ಸು ಹೊರಡಿಸಿದ. ಜ್ವರದವರನ್ನು ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ, ನನ್ನ ಖಾಕಿ ಕೋಟು ಹೊದಿಸಿ ಕರೆತಂದೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಮಧುಗಿರಿಯಲ್ಲಿ ಆಫೀಸಿಟ್ಟುಕೊಂಡು ಶಿರಾ, ಕೊರಟಗೆರೆ, ಪಾವಗಡಕ್ಕೆ ಬಸ್ಸು ಓಡಿಸುತ್ತಿದ್ದ ಒಂದು ಖಾಸಗಿ ಕಂಪನಿಯಲ್ಲಿ ನಾನು ಚೆಕಿಂಗ್ ಇನ್‌ಸ್ಪೆಕ್ಟರ್. ಹುಟ್ಟಿದ್ದು ಶಿರಾದಲ್ಲಿ. ಎಲ್ಲೆಂದರಲ್ಲಿ ಬಸ್ಸು ನಿಲ್ಲಿಸಿ ಹತ್ತಿ, ಟಿಕೆಟ್ಟನ್ನೂ ಕಂಡಕ್ಟರನ ಲೆಕ್ಕವನ್ನೂ ತಾಳೆ ನೋಡುವುದು ನನ್ನ ಕೆಲಸ. ದೂರದಲ್ಲಿ ನನ್ನ ಟೋಪಿ ಕಂಡರೆ ಕಂಡಕ್ಟರುಗಳು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಳ್ಳುತ್ತಿದ್ದರು.

ಕಂಪನಿಯ ಒಡತಿ ಒಬ್ಬ ವಿಧವೆ. ಗಂಡ ತೀರಿಕೊಂಡ ಮೇಲೆ ಬಸ್ಸುಗಳನ್ನು ಮಾರಿಬಿಡಿ ಎಂದು ಊರೆಲ್ಲ ಹೇಳಿದರೂ ಕೇಳದೆ ತಾವೇ ಆಫೀಸಿನಲ್ಲಿ ಕೂತವರು. ಟೈರು ಸವೆದಿದೆಯೋ ಇಲ್ಲವೋ ಎಂದು ಬೆರಳಾಡಿಸಿ ಹೇಳುವಷ್ಟು ಕಲಿತಿದ್ದರು. ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು. ಜ್ವರ ಬಂದ ಆ ಹಿರಿಯ ಡ್ರೈವರು ಅವರ ಗಂಡನ ಕಾಲದಿಂದ ಇದ್ದವರು. ಸುದ್ದಿ ಕೇಳಿ ಅಮ್ಮಾವ್ರು ಮಂಕಾದರು. ಎರಡು ದಿನ ಬಿಟ್ಟು ನನ್ನನ್ನು ಕರೆದರು.

"ನೋಡಿ ಸಾಬ್ರೇ, ಬಸ್ಸಿಗೆ ಇನ್ಸೂರೆನ್ಸ್ ಐತೆ. ಓಡ್ಸೋನಿಗೆ ಇಲ್ಲ. ಬೆಂಗ್ಳೂರಿನ ಫ್ಯಾಕ್ಟ್ರಿಗಳಾಗೆ ಸರ್ಕಾರದೋರು ಕೆಲ್ಸಗಾರ್ರ ಕಾಯ್ಲೆಗೆ ಇ.ಎಸ್.ಐ. ಅಂತ ಮಾಡವ್ರಂತೆ. ಅದು ನಮ್ಮ ಕಡೀಕೆ ಬರೋದು ಯಾವ ಕಾಲಕ್ಕೋ. ಇನ್ಸೂರೆನ್ಸಿನೋರ್ದು ಒಂದು ಕಾಗ್ದ ಬಂದೈತೆ" ಎಂದು ವಿಮೆ ಕಂಪನಿಯ ಏಜೆಂಟರೊಬ್ಬರು ಕೊಟ್ಟಿದ್ದ ಹಾಳೆಯನ್ನು ಮುಂದಿಟ್ಟರು. ಕೆಲಸಗಾರರೆಲ್ಲರಿಗೂ ಸೇರಿಸಿ ಕಾಯಿಲೆಗೂ ಅಪಘಾತಕ್ಕೂ ಒಂದೇ ಪಾಲಿಸಿ, ವರ್ಷಕ್ಕಿಷ್ಟು ಎಂದಿತ್ತು.

ಪಕ್ಕದಲ್ಲಿ ಅವರ ಮೈದುನ ಕೂತಿದ್ದರು. ಕಂಪನಿಯಲ್ಲಿ ಅವರಿಗೂ ಪಾಲಿತ್ತು. "ಅತ್ಗೇ, ಇದೆಲ್ಲ ಯಾಕೆ? ತಿಂಗಳಿಗೆ ಒಂದಿಷ್ಟು ಸಂಬ್ಳದ ಜತೆ ಸೇರ್ಸಿ ಕೊಟ್ಬುಡಿ. ಕಾಯ್ಲೆ ಬಂದ್ರೆ ಅವ್ರೇ ನೋಡ್ಕತಾರೆ" ಅಂದರು.

ಅಮ್ಮಾವ್ರು ನನ್ನ ಕಡೆ ತಿರುಗಿದರು. "ನಾಕೂ ಊರು ತಿರ್ಗೋರು ನೀವು. ಯಾವ್ದು ಕಮ್ಮಿಗೆ ಬೀಳ್ತದೆ, ಯಾವ್ದು ನಿಜ್ವಾಗ್ಲೂ ಕೆಲ್ಸಕ್ಕೆ ಬತ್ತದೆ, ಎರಡೂ ನೋಡ್ಕಂಡು ಬಂದು ಯೋಳಿ."

ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಹೋಲಿಕೆ ಮುಗಿಯುವುದಿಲ್ಲ ಎಂಬುದು ಆ ಸಂಜೆಯೇ ಹೊಳೆಯಿತು. ದುಡ್ಡು ಕೊಟ್ಟು ಏನು ಸಿಗುತ್ತದೆ ಎಂಬುದು ಗೊತ್ತಾಗಬೇಕು. ಕಳೆದ ಒಂದು ವರ್ಷದಲ್ಲಿ ನಮ್ಮವರಿಗೆ ಯಾವ ಯಾವ ಕಾಯಿಲೆ ಬಂದವು, ಯಾವ ಊರಿನಲ್ಲಿ ಬಂದವು, ಎಲ್ಲಿ ತೋರಿಸಿದರು, ಎಷ್ಟು ದಿನ ಕೆಲಸ ತಪ್ಪಿತು, ಇಷ್ಟು ಕೇಳಿ ತಿಳಿದರೆ ಅದೇ ಕಾಯಿಲೆಗಳನ್ನು ಒಂದೊಂದು ವ್ಯವಸ್ಥೆಯ ಮುಂದೆಯೂ ಇಟ್ಟು ನೋಡಬಹುದು. ಯಾವುದು ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಕೈ ಎತ್ತುತ್ತದೆ ಎಂಬುದು ತಾನೇ ಕಾಣುತ್ತದೆ. ನನಗೆ ಈ ದಾರಿ ಬಹಳ ಸರಿಯಾಗಿ ಕಂಡಿತು.

ಮರುದಿನದಿಂದ ಶೆಡ್ಡಿನಲ್ಲಿ, ಸ್ಟಾಂಡಿನಲ್ಲಿ, ಹೋಟೆಲಿನಲ್ಲಿ ಕೇಳತೊಡಗಿದೆ. ಯಾರಿಗೂ ಯಾವ ಕಾಯಿಲೆಯೂ ಇರಲಿಲ್ಲ! ಧೂಳು ಕುಡಿದು ಕೆಮ್ಮುತ್ತಲೇ ಒಬ್ಬ ಕ್ಲೀನರ್, "ನಮಗೇನ್ ಸಾಬ್ರೇ, ಕಲ್ಲಿದ್ದಂಗಿದೀವಿ" ಅಂದ. ಹ್ಯಾಂಡಲ್ ಹೊಡೆದು ಎಂಜಿನ್ ಚಾಲೂ ಮಾಡುವಾಗ ಅದು ಹಿಂದಕ್ಕೆ ತಿರುಗಿ ಮುಂಗೈ ಮುರಿದಿದ್ದ ಇನ್ನೊಬ್ಬ ಕ್ಲೀನರ್ ತೋಳು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಅದು ಸರ್ಯಾಗೋಯ್ತು" ಅಂದ. ವಾರವಾದರೂ ನನ್ನ ಕೈಗೆ ಏನೂ ಸಿಕ್ಕಲಿಲ್ಲ. ತಪ್ಪು ಹಿಡಿಯುವವನು ಬಂದು ಮೈ ಹೇಗಿದೆ ಎಂದು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ?

ಅದರ ಮೇಲೆ ಇನ್ನೊಂದು. ಪಾಲಿಸಿ ಕೊಡುವ ಮುನ್ನ ಎಲ್ಲರನ್ನೂ ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕು ಎಂದು ಆ ಹಾಳೆಯಲ್ಲಿತ್ತು. ಅದು ಹೇಗೋ ಹೊರಗೆ ಹೋಗಿ, ಪರೀಕ್ಷೆಯಲ್ಲಿ ಫೇಲಾದವರನ್ನು ಮನೆಗೆ ಕಳಿಸುತ್ತಾರಂತೆ ಎಂದು ನಾಲ್ಕೂ ಊರಲ್ಲಿ ಹಬ್ಬಿತು. ಕೊರಟಗೆರೆ ಸ್ಟಾಂಡಿನಲ್ಲಿ ನಾನು ಚಹಾ ಕುಡಿಯಲು ಕೂತರೆ ನಮ್ಮವರು ಅರ್ಧ ಲೋಟ ಬಿಟ್ಟು ಎದ್ದುಹೋದರು.

ಏಜೆಂಟರು ಮತ್ತೆ ಬಂದಾಗ ಅವರನ್ನೇ ಕೂರಿಸಿಕೊಂಡೆ. ಬೆಂಗಳೂರಿನವರು, ಮಾತು ನಯ.

"ಒಂದು ಉದಾಹರಣೆ ಹೇಳ್ತೀನಿ" ಅಂದೆ. "ನಮ್ಮ ಡ್ರೈವರಿಗೆ ಪಾವಗಡದಲ್ಲಿ ಜ್ವರ ಬಂತು. ಅಲ್ಲೇ ಡಾಕ್ಟರಿಗೆ ತೋರಿಸಿದರು ಅನ್ನಿ. ಸೂಜಿ, ಮಾತ್ರೆ, ಆಮೇಲೆ ಮನೆಯಲ್ಲಿ ಮಲಗಿದರು. ನಿಮ್ಮಿಂದ ಏನು ಬರ್ತದೆ?"

"ಆಸ್ಪತ್ರೆಗೆ ಸೇರಿದ್ರಾ?"

"ಇಲ್ಲ."

"ಹಾಗಾದರೆ ಏನೂ ಬರಲ್ಲ."

"ಸೇರಿದ್ದರೆ?"

"ಮೊದಲು ಅವರು ಕೈಯಿಂದ ಕಟ್ಟಬೇಕು. ರಸೀದಿ, ಸರ್ಟಿಫಿಕೇಟು ಕಳಿಸಿದ ಮೇಲೆ ಪರಿಶೀಲಿಸಿ ಕೊಡ್ತೀವಿ. ಮೊದಲೇ ಇದ್ದ ಕಾಯಿಲೆಗೆ ಇಲ್ಲ. ವಯಸ್ಸು ಮೀರಿದವರಿಗೆ ಇಲ್ಲ."

"ಹೆಂಡತಿ ಮಕ್ಕಳಿಗೆ?"

"ಅದೂ ಇಲ್ಲ ಸಾಹೇಬ್ರೇ." ನನ್ನ ಮುಖ ನೋಡಿ ನಕ್ಕರು. "ಮುಚ್ಚಿಟ್ಟು ಮಾರಿದರೆ ನಾಳೆ ಈ ರಸ್ತೆಯಲ್ಲಿ ನನ್ನನ್ನ ಯಾರೂ ಬಸ್ಸಿಗೆ ಹತ್ತಿಸಿಕೊಳ್ಳಲ್ಲ. ನಮ್ಮದು ದೊಡ್ಡ ಹೊಡೆತಕ್ಕೆ. ಕೈಕಾಲು ಮುರಿದರೆ, ಜೀವ ಹೋದರೆ, ಅಲ್ಲಿ ನಾವು ನಿಲ್ತೀವಿ. ಅಪಘಾತದ್ದು ಮಾತ್ರ ಬೇಕಂದ್ರೆ ಬಹಳ ಕಮ್ಮಿಗೇ ಬರ್ತದೆ."

ಅಪಘಾತದ ಭಾಗವನ್ನು ಬೇರೆಯಾಗಿ ಕೊಳ್ಳಬಹುದು ಎಂಬುದನ್ನು ಅವತ್ತು ತಿಳಿದುಕೊಂಡೆ. ಆದರೆ ನಮ್ಮವರ ದಿನದಿನದ ಕಾಯಿಲೆ ಏನು ಎಂಬುದು ಇನ್ನೂ ಕತ್ತಲಲ್ಲೇ ಇತ್ತು.

ಒಂದು ಶುಕ್ರವಾರ ನಮಾಜು ಮುಗಿಸಿ ನೇರ ಆಫೀಸಿಗೆ ಹೋದೆ. ಟೋಪಿ, ಕೋಟು, ಚೆಕಿಂಗ್ ಚೀಲ ಮೂರನ್ನೂ ಅಮ್ಮಾವ್ರ ಮೇಜಿನ ಮೇಲಿಟ್ಟೆ.

"ಇದೇನ್ ಸಾಬ್ರೇ, ಕೆಲ್ಸ ಬುಡ್ತೀರಾ?"

"ಬಿಡಲ್ಲ ಅಮ್ಮಾವ್ರೇ. ಈ ವಿಚಾರ ಮುಗಿಯೋವರೆಗೆ ಚೆಕಿಂಗಿಗೆ ಬೇರೆಯವರನ್ನ ಹಾಕಿ. ನಾನು ಎರಡೂ ಮಾಡ್ತಾ ಹೋದರೆ ಯಾರೂ ಬಾಯಿ ಬಿಡಲ್ಲ. ಇನ್ನೊಂದು ಮಾತು. ಯಾರು ಯಾವ ಕಾಯಿಲೆ ಹೇಳಿದರು ಅಂತ ನಿಮಗೆ ಹೆಸರು ಕೊಡಲ್ಲ. ಕಾಯಿಲೆ ಹೇಳಿಕೊಂಡ ಕಾರಣಕ್ಕೆ ಯಾರ ಕೆಲಸವೂ ಹೋಗಲ್ಲ ಅಂತ ನೀವೇ ಅವರೆದುರು ಹೇಳಬೇಕು."

ಮೈದುನ ಎದ್ದು ನಿಂತರು. "ಮಾಲೀಕ್ರಿಗೇ ಹೆಸ್ರು ಯೋಳಲ್ಲ ಅಂದ್ರೆ ಯಾವ ಸೀಮೆ ಮಾತು ಇದು!"

ಅಮ್ಮಾವ್ರು ಕೈಯೆತ್ತಿ ಅವರನ್ನು ಕೂರಿಸಿದರು. ತಾವು ನನ್ನನ್ನು ಕೇಳಿದ ಪ್ರಶ್ನೆ ಮಾತ್ರ ಅದಕ್ಕಿಂತ ಗಟ್ಟಿಯಾಗಿತ್ತು.

"ಒಬ್ಬ ಡ್ರೈವರಿಗೆ ಕಣ್ಣು ಮಂಜಾಗೈತೆ ಅನ್ಕಳಿ. ನಿಮಗೆ ಗೊತ್ತು, ನನಗೆ ಯೋಳಲ್ಲ. ಬಸ್ಸಿನ ತುಂಬಾ ಜನ ಕುಂತವ್ರೆ. ಅವ್ರ ಜೀವಕ್ಕೆ ಯಾರು ಹೊಣೆ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬಹಳ ಹೊತ್ತು ಮಾತಾಡಿದೆವು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಓಡಿಸುವುದಕ್ಕೆ ಅಡ್ಡಿಯಾಗುವ ಕಾಯಿಲೆಯಾದರೆ ಆ ಡ್ರೈವರು ತಾನೇ ಬಂದು ಹೇಳುವಂತೆ ನಾನು ಒಪ್ಪಿಸಬೇಕು. ಹಾಗೆ ಬಂದು ಹೇಳಿದವನಿಗೆ ಗುಣವಾಗುವವರೆಗೆ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. ಮಿಕ್ಕ ಕಾಯಿಲೆಗಳಿಗೆ ಹೆಸರಿಲ್ಲ.

ಮಾರನೆಯ ದಿನ ಅಮ್ಮಾವ್ರು ಶೆಡ್ಡಿಗೆ ಬಂದರು. ಗ್ರೀಸಿನ ನೆಲದ ಮೇಲೆ ಸೆರಗು ಎತ್ತಿ ಹಿಡಿದು ನಿಂತು, ಬಸ್ಸಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್‌ನನ್ನೂ ಎಬ್ಬಿಸಿ ಕರೆಸಿದರು.

"ಕೇಳ್ರಪ್ಪಾ. ಕಾಯ್ಲೆ ಐತೆ ಅಂದೋನ್ನ ನಾನು ಮನೀಗೆ ಕಳ್ಸಲ್ಲ. ಮುಚ್ಚಿಟ್ಕಂಡು ರಸ್ತೇಲಿ ಬಿದ್ದೋನ್ನ ಮಾತ್ರ ಸುಮ್ಕೆ ಬುಡಲ್ಲ. ಸಾಬ್ರು ಇನ್ನ ಮ್ಯಾಲೆ ಟಿಕೀಟು ಕೇಳಾಕೆ ಬರಲ್ಲ, ನಿಮ್ಮ ಕಷ್ಟ ಕೇಳಾಕೆ ಬತ್ತಾರೆ."

ಮೊದಲು ಬಂದವನು ಶಿರಾ ದಾರಿಯ ಒಬ್ಬ ಕಂಡಕ್ಟರ್. ಹಿಂದೊಮ್ಮೆ ಲೆಕ್ಕದಲ್ಲಿ ತಪ್ಪು ಹಿಡಿದು ಅವನನ್ನು ಕೆಲಸದಿಂದ ಕೆಲವು ದಿನ ನಿಲ್ಲಿಸಿದ್ದವನು ನಾನೇ. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಬಸ್ಸು ಕೆಟ್ಟು ನಿಂತಿದ್ದಾಗ ಪಕ್ಕದಲ್ಲಿ ಬಂದು ಕೂತ.

"ನೀವು ನಮ್ಮ ಮೈಯ್ಯಾಗಿನ ಕಾಯ್ಲೆ ಕೇಳ್ತಾ ಇದೀರ ಸಾಬ್ರೇ. ನಾನು ಹೋದ ವರ್ಷ ರಜಾ ಹಾಕಿದ್ದೆಲ್ಲ ನನಗೆ ಹುಷಾರಿಲ್ದೆ ಅಲ್ಲ. ಒಂದ್ಸಲ ಹೆಂಡ್ರಿಗೆ ಹೆರಿಗೆ ಕಷ್ಟ ಆಯ್ತು. ಆಮ್ಯಾಕೆ ಮಗೀಗೆ ಭೇದಿ. ಆಮ್ಯಾಕೆ ಅವ್ವನ ಕಾಲು. ಹುಷಾರಿಲ್ಲ ಅಂತ ನಾನೇ ಸುಳ್ಳು ಯೋಳ್ತಿದ್ದೆ. ಹೆಂಡ್ರು ಮಕ್ಕಳಿಗೆ ಅಂದ್ರೆ ರಜಾ ಯಾರು ಕೊಡ್ತಾರೆ?"

ಅಲ್ಲಿಂದಾಚೆಗೆ ನಾನು ಕೇಳುವ ಪ್ರಶ್ನೆಯೇ ಬದಲಾಯಿತು. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಶುರು ಮಾಡಿದೆ. ತೋವಿನಕೆರೆಯಲ್ಲಿ ಒಬ್ಬನ ಮನೆಗೆ ಹೋದರೆ ಅವನ ಹೆಂಡತಿ ಒಳಗಿನಿಂದಲೇ ಎಲ್ಲವನ್ನೂ ಹೇಳಿದರು, ಅವನು ಹೇಳಿದ್ದಕ್ಕಿಂತ ಹೆಚ್ಚಾಗಿಯೇ. ಜ್ವರ, ಭೇದಿ, ಧೂಳಿನ ಕೆಮ್ಮು, ಡ್ರೈವರುಗಳ ಸೊಂಟ ನೋವು, ರೇಡಿಯೇಟರ್ ಮುಚ್ಚಳ ತೆಗೆಯುವಾಗ ಹಾರಿದ ಬಿಸಿನೀರಿನ ಸುಟ್ಟ ಗಾಯ. ಆಸ್ಪತ್ರೆ ಸೇರಬೇಕಾದ್ದು ಎಲ್ಲೋ ಒಂದೊಂದು. ಕೆಲಸ ತಪ್ಪಿದ ದಿನಗಳಲ್ಲಿ ಅರ್ಧಕ್ಕೂ ಹೆಚ್ಚು ಮನೆಯವರ ಕಾಯಿಲೆಗೆ ಹೋಗಿದ್ದವು. ಸರ್ಕಾರಿ ಆಸ್ಪತ್ರೆಗೆ ಯಾಕೆ ಹೋಗಲ್ಲ ಎಂದರೆ ಎಲ್ಲರದ್ದೂ ಒಂದೇ ಉತ್ತರ. ಅದು ಬಾಗಿಲು ತೆಗೆಯುವ ಮೊದಲೇ ಇವರ ಬಸ್ಸು ಹೊರಡುತ್ತದೆ, ಮುಚ್ಚಿದ ಮೇಲೆ ಬರುತ್ತದೆ.

ಮೈಲಿಗಲ್ಲಿಗೆ ಒರಗಿ ಕೂತಿದ್ದ ಹಿರಿಯ ಡ್ರೈವರು ಎಲ್ಲರಿಗಿಂತ ಕೊನೆಗೆ ಬಂದರು.

"ಜ್ವರ ವಾಸಿ ಆಯ್ತು ಸಾಬ್ರೇ. ಇನ್ನೊಂದು ಐತೆ. ಸಂಜೆ ಆದ್ಮೇಲೆ ಎದ್ರುಗಡೆ ಗಾಡಿ ದೀಪ ಒಡೆದೋದಂಗೆ ಕಾಣ್ತದೆ."

"ಅಮ್ಮಾವ್ರಿಗೆ ನೀವೇ ಹೇಳಬೇಕಣ್ಣಾ."

"ಅವ್ರ ಯಜಮಾನ್ರು ನನ್ನ ಕೈಗೆ ಮೊದಲ್ನೇ ಗಾಡಿ ಕೊಟ್ಟೋರು. ಯಾವ ಮುಖ ಇಟ್ಕಂಡು ಯೋಳ್ಲಿ?"

"ನಾನೂ ಜತೆಗೆ ಬರ್ತೀನಿ."

ಆಫೀಸಿನ ಮೆಟ್ಟಿಲ ತನಕ ಬಂದು ಎರಡು ಸಲ ಹಿಂದಕ್ಕೆ ತಿರುಗಿದರು. ಒಳಗೆ ಹೋಗಿ ಹೇಳಿದಾಗ ಅಮ್ಮಾವ್ರು, "ನಾಳೆಯಿಂದ ಸ್ಟಾಂಡಿನಾಗೆ ಬಸ್ಸಿನ ಟೈಮು ನೋಡ್ಕಳಣ್ಣ. ಸಂಬ್ಳ ಅದೇ. ಕಣ್ಣು ತೋರ್ಸಾಕೆ ಬೆಂಗ್ಳೂರಿಗೆ ನಾನೇ ಕಳಿಸ್ತೀನಿ" ಅಂದರು. ಹೊರಗೆ ಬಂದ ಮೇಲೆ ಆ ದೊಡ್ಡ ಮನುಷ್ಯ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿಂತರು. ಅಮ್ಮಾವ್ರು ಮಾತು ಉಳಿಸಿಕೊಂಡದ್ದು ಸಂಜೆಯೊಳಗೆ ನಾಲ್ಕೂ ಊರಿಗೆ ತಿಳಿಯಿತು. ಮತ್ತೆ ನಾನು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಲಿಲ್ಲ.

ಈಗ ಮೂರನೆಯ ದಾರಿ ಕಾಣುತ್ತಿತ್ತು. ಒಂದೊಂದು ಊರಿನಲ್ಲೂ ಒಬ್ಬ ಡಾಕ್ಟರನ್ನು ಗೊತ್ತು ಮಾಡಿ, ಕೆಲಸಗಾರನ ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಎಂದು ಕಾಯಿಲೆ ಬರಲಿ ಬಿಡಲಿ ಕಂಪನಿಯೇ ಕೊಡುವುದು. ಅವರು ಮೊದಲ ಬಸ್ಸಿಗೆ ಮುಂಚೆ, ಕೊನೆಯ ಬಸ್ಸಿನ ನಂತರ ನಮ್ಮವರನ್ನು ನೋಡಬೇಕು. ಎಲ್ಲಿ ಜ್ವರ ಬರುತ್ತದೋ ಅಲ್ಲೇ ಔಷಧ ಸಿಗಬೇಕು.

ಮಧುಗಿರಿಯ ಡಾಕ್ಟರು ಬೇಗ ಒಪ್ಪಿದರು. ಶಿರಾದವರು ನಮ್ಮ ಮನೆಗೂ ಬರುತ್ತಿದ್ದ ಹಿರಿಯರು, "ಅಬ್ ಯಾದ್ ಆಯಾ ಕ್ಯಾ ಮಿಯಾ?" ಈಗ ನೆನಪಾಯಿತೇನೋ ಎಂದು ಗದರಿಸಿ ಒಪ್ಪಿದರು. ಕೊರಟಗೆರೆಯವರು, "ನಿಮ್ಮೋರು ಸೀನಿದ್ರೂ ಬಂದು ಕೂರ್ತಾರೆ, ನನಗೆ ಬೇರೆ ಪೇಷೆಂಟ್ ನೋಡೋಕಾಗಲ್ಲ" ಎಂದು ಬೆನ್ನು ತಿರುಗಿಸಿದರು. ಪಾವಗಡದ ಡಾಕ್ಟರು ಕೇಳಿದ ಮೊತ್ತವಂತೂ ಒಪ್ಪಿದ ಎರಡೂ ಊರಿನದ್ದನ್ನು ಕೂಡಿಸಿದರೂ ಮುಟ್ಟುವಂತಿರಲಿಲ್ಲ. ಅಷ್ಟು ಕೊಟ್ಟರೆ ನನ್ನ ಯೋಜನೆ ಅಲ್ಲಿಗೇ ಬಿತ್ತು. ಪಾವಗಡವಿಲ್ಲದೆ ಇದಕ್ಕೆ ಅರ್ಥವೂ ಇರಲಿಲ್ಲ. ರಾತ್ರಿ ತಂಗುವ ಬಸ್ಸುಗಳೆಲ್ಲ ಅಲ್ಲೇ.

ಎರಡನೆಯ ಸಲ ಹೋದೆ. ಡಾಕ್ಟರು ವಯಸ್ಸಾದವರು, ಅರ್ಧ ತೆಲುಗು ಅರ್ಧ ಕನ್ನಡ.

"ಏಮಯ್ಯಾ, ಮತ್ತೆ ಬಂದ್ಯಾ? ಕಡಿಮೆ ಮಾಡೋದು ಆಗಲ್ಲ ಅಂತ ಹೇಳಿದ್ನಲ್ಲಯ್ಯಾ."

"ಇಷ್ಟು ಯಾಕೆ ಆಗ್ತದೆ ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ ಡಾಕ್ಟ್ರೇ."

ಅವರು ಎದ್ದು ಔಷಧದ ಬೀರು ತೆರೆದರು. ಖಾಲಿ ಸೀಸೆಗಳು, ಎರಡು ಡಬ್ಬಿ ಮಾತ್ರೆ. "ಇದಿ ಚೂಡು, ನೋಡಿಲ್ಲಿ. ತುಮಕೂರಿಗೆ ಬರ್ದು ಎಷ್ಟು ದಿನ ಆಯ್ತು. ಪಾರ್ಸೆಲ್ಲು ಮಧುಗಿರಿ ತನಕ ಬಂದೈತಂತೆ, ಅಲ್ಲೇ ಬಿದ್ದೈತೆ. ಮಂದು ಲೇದು, ಮದ್ದಿಲ್ದೆ ನಾನೇನು ನಾಡಿ ಹಿಡ್ಕೊಂಡು ಕೂರ್ಲಾ? ಆಳನ್ನ ಕಳ್ಸಿ ತರಿಸ್ಬೇಕು. ಅವನ ಕೂಲಿ, ದಾರೀಲಿ ಒಡೆದ ಸೀಸೆ, ಎಲ್ಲಾ ನನ್ನ ತಲೆ ಮ್ಯಾಲೆ."

ಆ ಖಾಲಿ ಬೀರುವಿನ ಎದುರು ನಿಂತಾಗ ನನಗೆ ನಗು ಬಂದುಬಿಟ್ಟಿತು. ಇಷ್ಟು ದಿನ ನಮ್ಮ ಹತ್ತಿರ ಏನಿಲ್ಲ ಎಂದೇ ಯೋಚಿಸುತ್ತಿದ್ದೆನಲ್ಲ, ಇರುವುದು ಬಸ್ಸುಗಳು!

"ಡಾಕ್ಟ್ರೇ, ನಿಮ್ಮ ಪಾರ್ಸೆಲ್ ಮಧುಗಿರಿಗೆ ಬಂದ ದಿನವೇ ನಮ್ಮ ಡ್ರೈವರ್ ಸೀಟಿನ ಪಕ್ಕದಲ್ಲಿ ಇಟ್ಟು ತಂದು, ಕಂಡಕ್ಟರ್ ಕೈಲಿ ನಿಮ್ಮ ಮೇಜಿನ ಮೇಲೆ ಇಡಿಸ್ತೀನಿ. ಸಾಗಾಣಿಕೆ ದುಡ್ಡು ಬೇಡ."

"ದಿನಾನಾ?"

"ಬಸ್ಸು ಓಡೋ ದಿನ ಎಲ್ಲಾ. ನಿಮ್ಮ ಪೇಷೆಂಟನ್ನ ತುಮಕೂರು ಆಸ್ಪತ್ರೆಗೆ ಕಳಿಸಬೇಕು ಅಂದರೆ ಮುಂದಿನ ಸೀಟು ಖಾಲಿ ಮಾಡಿಸಿ ಮಧುಗಿರಿ ತನಕ ತಲುಪಿಸ್ತೀವಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸರೇ. ಕೂರಯ್ಯಾ. ಈಗ ಮಾತಾಡೋಣ." ಒಳಗೆ ತಿರುಗಿ ಮಜ್ಜಿಗೆ ತರಲು ಹೇಳಿದರು.

ಮೊತ್ತ ಮೂರರಲ್ಲಿ ಒಂದು ಭಾಗಕ್ಕಿಳಿಯಿತು. ಅದೇ ಮಾತನ್ನು ಹಿಡಿದುಕೊಂಡು ಕೊರಟಗೆರೆಗೆ ಹೋದೆ. ಅಲ್ಲಿಯ ಡಾಕ್ಟರು ಆರು ತಿಂಗಳು ನೋಡೋಣ ಅಂದರು. ಅಷ್ಟು ಸಾಕಾಗಿತ್ತು.

ಅಮ್ಮಾವ್ರ ಆಫೀಸಿನಲ್ಲಿ ಎಲ್ಲರೂ ಸೇರಿದ ದಿನ ಏಜೆಂಟರನ್ನೂ ಕರೆಸಿದ್ದೆ. ಕಳೆದ ವರ್ಷದ ಕಾಯಿಲೆಗಳನ್ನು ಹೆಸರಿಲ್ಲದೆ ಒಂದೊಂದಾಗಿ ಹೇಳುತ್ತ ಹೋದೆ. ಕ್ಲೀನರನ ಮುರಿದ ಮುಂಗೈಗೆ ಪಾಲಿಸಿಯಿಂದ ಬರುತ್ತದೆ, ಮೈದುನರು ಹೇಳಿದ ತಿಂಗಳ ದುಡ್ಡಿನಲ್ಲಿ ಅಷ್ಟರೊಳಗೆ ಏನೂ ಉಳಿದಿರುವುದಿಲ್ಲ. ಮಗುವಿನ ಭೇದಿಗೆ ಪಾಲಿಸಿಯಿಂದ ಬರುವುದಿಲ್ಲ, ಡಾಕ್ಟರಿಂದ ಸಿಗುತ್ತದೆ. ಹೀಗೆ ಮುಗಿಯುವ ತನಕ. ಏಜೆಂಟರು ಎಲ್ಲೂ ಎದುರಾಡಲಿಲ್ಲ.

"ಅದಿರ್ಲಿ. ಯಾವ್ದು ಕಮ್ಮಿ?" ಎಂದರು ಅಮ್ಮಾವ್ರು.

"ಕೈಯಿಂದ ಹೋಗೋದನ್ನ ಮಾತ್ರ ನೋಡಿದರೆ ಚಿಕ್ಕ ಯಜಮಾನರು ಹೇಳಿದ್ದೇ ಕಮ್ಮಿ. ಆಮೇಲೆ ಪಾಲಿಸಿ. ನಾನು ಹೇಳ್ತಿರೋದು ಎಲ್ಲಕ್ಕಿಂತ ಜಾಸ್ತಿ."

ಮೈದುನ ತೊಡೆ ತಟ್ಟಿದರು. "ಕೇಳಿದ್ರಾ ಅತ್ಗೇ? ಅಲ್ಲಾ, ಅವ್ರ ಹೆಂಡ್ರು ಮಕ್ಳೂ ನಮ್ಮ ಬಸ್ಸು ಓಡಿಸ್ತಾರಾ?"

"ಓಡಿಸ್ತಾರೆ ಯಜಮಾನ್ರೇ" ಅಂದೆ. "ಮಗೂಗೆ ಹುಷಾರಿಲ್ಲದ ದಿನ ಕಂಡಕ್ಟರ್ ಬರಲ್ಲ. ಡ್ರೈವರ್ ಬರದ ದಿನ ಬಸ್ಸು ಹೊರಡಲ್ಲ. ಡೀಸೆಲ್ ಹಾಕಿ, ತೆರಿಗೆ ಕಟ್ಟಿ, ಸ್ಟಾಂಡಿನಲ್ಲಿ ನಿಲ್ಲಿಸಿದ ಬಸ್ಸಿಗೆ ಕಾಸು ಹುಟ್ಟಲ್ಲ. ಹೋದ ವರ್ಷ ಹಾಗೆ ತಪ್ಪಿದ ಟ್ರಿಪ್ಪುಗಳನ್ನ ನಾನು ಒಂದು ಕಡೆ ಕೂಡಿಸಿದೀನಿ. ಅದನ್ನ ಮೂರರ ಪಕ್ಕದಲ್ಲೂ ಇಟ್ಟು ನೋಡಿ."

ಆ ಹಾಳೆಯನ್ನು ಅಮ್ಮಾವ್ರು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಟ್ರಿಪ್ಪಿಗೆ ಎಷ್ಟು ಬರುತ್ತದೆ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಬೆರಳು ಮಡಿಸುತ್ತ ತುಟಿಯಲ್ಲೇ ಕೂಡಿದರು. ಹಾಳೆಯನ್ನು ಮೈದುನನ ಕಡೆ ತಳ್ಳಿದರು.

"ನಿಂತ ಬಸ್ಸಿನ ಲೆಕ್ಕ ನಾವು ಯಾವತ್ತೂ ಹಾಕೇ ಇರ್ನಿಲ್ಲ ಕಣಪ್ಪ. ಅದು ಸೇರುದ್ರೆ ಸಾಬ್ರದ್ದೇ ಕಮ್ಮಿ." ಏಜೆಂಟರಿಗೆ ಹೇಳಿದರು: "ಅಪಘಾತದ್ದು ನಿಮ್ಮ ಹತ್ರಾನೇ ತಗಳ್ತೀನಿ. ದಿನದ ಕಾಯ್ಲೆ ಡಾಕ್ಟ್ರುಗಳು ನೋಡ್ಕಳ್ಲಿ. ಒಂದು ವರ್ಷ ನಡ್ಸಿ ನೋಡಣ."

ಏಜೆಂಟರು ನನ್ನ ಕೈ ಕುಲುಕಿ, "ನೀವು ನಮ್ಮ ಕಂಪನಿಗೆ ಬಂದುಬಿಡಿ" ಅಂದರು. ನಾನು ಅವತ್ತಿನಿಂದ ಅಮ್ಮಾವ್ರ ಮೇಜಿನ ಮೇಲಿದ್ದ ನನ್ನ ಚೆಕಿಂಗ್ ಚೀಲ ಮತ್ತೆ ಎತ್ತಿಕೊಂಡೆ.

ವರ್ಷ ತುಂಬುವ ಹೊತ್ತಿಗೆ ತಪ್ಪುವ ಟ್ರಿಪ್ಪುಗಳು ಎದ್ದುಕಾಣುವಷ್ಟು ಇಳಿದಿದ್ದವು. ಎರಡನೆಯ ವರ್ಷದ ಕರಾರಿಗೆ ಮೊದಲು ಸಹಿ ಹಾಕಿದ್ದು ಮೈದುನರೇ. ಅದೇ ಕರಾರು ತೆಗೆದುಕೊಂಡು ನಾನು ಪಾವಗಡಕ್ಕೆ ಹೋಗಿದ್ದೆ. ಡಾಕ್ಟರು ಒಳಗೆ ಯಾರನ್ನೋ ನೋಡುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಜನರ ನಡುವೆ ಕೂತೆ.

ಒಬ್ಬ ಹೆಣ್ಣುಮಗಳು ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಬಂದಳು. ಬರಿಗಾಲು, ಹರಿದ ಸೆರಗು. ಅಂಥವರು ಬಾಗಿಲ ಹೊರಗೇ ನಿಂತು, ಒಳಗಿನವರು ಕರೆಯುವ ತನಕ ಕಾಯುವುದನ್ನು ನಾನು ಎಲ್ಲ ಊರಿನಲ್ಲೂ ನೋಡಿದ್ದೆ. ಇವಳು ನೇರ ಒಳಗೆ ಬಂದು, "ವಸಿ ಸರ್ಕಳಣ್ಣ" ಎಂದು ನನ್ನ ಪಕ್ಕದಲ್ಲೇ ಕೂತಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಅವಳು ಯಾರ ಮನೆಯವಳೆಂದು ನನಗೂ.

ಕಂಪೌಂಡರ್ ತಲೆಯೆತ್ತಿ, "ಯಾರಮ್ಮ ನೀನು? ದುಡ್ಡು ತಂದಿದೀಯಾ?" ಎಂದ.

ಅವಳು ಮಗುವಿನ ಮೂಗು ಒರೆಸುತ್ತ, ಅವನ ಕಡೆ ತಿರುಗಿಯೂ ನೋಡದೆ ಹೇಳಿದಳು: "ನಾವು ಬಸ್ಸಿನೋರು ಕಣಪ್ಪ. ಡಾಕ್ಟ್ರಿಗೆ ಯೋಳು, ಮಗೀಗೆ ಮೈ ಸುಡ್ತೈತೆ."

ಅವನು ಎದ್ದು ಒಳಗೆ ಹೋದ.